ನಲ್ಲಿಗೆ ನಾಲ್ಕೂವರೆ, ಶಾಲೆಗೆ ಎರಡು: ನೇಪಾಳದ ಗುಡ್ಡದಲ್ಲಿ ನನ್ನ ದೇಣಿಗೆ ಏನಾಯ್ತು?

ಮೊದಲೇ ಹೇಳಿಬಿಡುತ್ತೇನೆ, ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಬೈಯುವಷ್ಟು ಕೆಟ್ಟ ಸಂಸ್ಥೆಯಲ್ಲ, ಕಣ್ಣು ಮುಚ್ಚಿಕೊಂಡು ದುಡ್ಡು ಕೊಡಿ ಅನ್ನುವಷ್ಟು ಒಳ್ಳೆಯದೂ ಅಲ್ಲ. ನೇಪಾಳದ ಗುಡ್ಡದ ಊರುಗಳಲ್ಲಿ ಶಾಲೆ ಕಟ್ಟಿ, ಕುಡಿಯುವ ನೀರು ತಂದುಕೊಡುವ ಎಷ್ಟೋ ಸಂಸ್ಥೆಗಳಲ್ಲಿ ಇದೂ ಒಂದು. ಎರಡು ವರ್ಷ ತಿಂಗಳು ತಿಂಗಳು ದುಡ್ಡು ಕಟ್ಟಿದೆ. ಆಮೇಲೆ ಅವರ ಸ್ವಯಂಸೇವಕರ ತಂಡದ ಜೊತೆ 12 ದಿನ ಹೋಗಿ ಬಂದೆ. ಅದಾಗಿ ಮೂರು ವರ್ಷಕ್ಕೆ, ಸಂಸ್ಥೆಯಲ್ಲಿ ಯಾರಿಗೂ ಹೇಳದೆ, ಒಬ್ಬಳೇ ಮತ್ತೆ ಅದೇ ಊರಿಗೆ ಹೋದೆ. ಈ ಕೊನೆಯದನ್ನು ಮಾಡದೇ ಇದ್ದಿದ್ದರೆ ಐದಕ್ಕೆ ಐದು ಕೊಟ್ಟು ಸುಮ್ನೆ ಇರುತ್ತಿದ್ದೆ.

ಊರು ಇರುವುದು ಸೋಲುಖುಂಬು ಜಿಲ್ಲೆಯಲ್ಲಿ. ಆ ಹೆಸರು ಕೇಳಿದ ತಕ್ಷಣ ಎಲ್ಲರಿಗೂ ಎವರೆಸ್ಟ್ ನೆನಪಾಗುತ್ತದೆ, ಆದರೆ ಮೇಲಿನ ಖುಂಬು ಬೇರೆ, ಕೆಳಗಿನ ಸೋಲು ಬೇರೆ. ಖುಂಬುವಿಗೆ ಚಾರಣದವರು ಬರುತ್ತಾರೆ, ಲಾಡ್ಜ್‌ಗಳಿವೆ, ಕೈಯಲ್ಲಿ ಕಾಸು ಓಡಾಡುತ್ತದೆ. ಸೋಲುವಿನ ಒಳಗಿನ ಊರುಗಳಿಗೆ ಚಾರಣದವರು ತಲೆ ಹಾಕುವುದಿಲ್ಲ. ಕಠ್ಮಂಡುವಿನಿಂದ ಸಲ್ಲೇರಿಗೆ ಜೀಪಿನಲ್ಲಿ ಇಡೀ ದಿನ ಮೈಕೈ ನುಗ್ಗಾಗಿಸಿಕೊಂಡು ಹೋಗಿ, ಮಾರನೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ನಡೆದರೆ ಈ ಊರು ಸಿಗುತ್ತದೆ. ಸುಮಾರು 60 ಮನೆ, ಗುಡ್ಡದ ಬೆನ್ನಿನ ಮೇಲೆ ಚೆಲ್ಲಿದ ಹಾಗೆ. ನೀರು ಬರುವ ಮೊದಲು ಹೆಂಗಸರು ಕೆಳಗಿನ ತೊರೆಗೆ ಇಳಿದು, ಗಾಗ್ರಿ ಅನ್ನುವ ಬಿಂದಿಗೆ ತುಂಬಿ, ಡೋಕೋ ಅನ್ನುವ ಬುಟ್ಟಿಯಲ್ಲಿ ಇಟ್ಟು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹತ್ತಬೇಕಿತ್ತು. ಇಳಿಯೋದು 20 ನಿಮಿಷ, ಹತ್ತೋದು ಮುಕ್ಕಾಲು ಗಂಟೆ. ದಿನಕ್ಕೆ ಮೂರು ಸಲ. ನಾನು ಒಂದೇ ಒಂದು ಸಲ ಅರ್ಧ ಗಾಗ್ರಿ ಹೊತ್ತು ನೋಡಿದೆ, ಎರಡು ದಿನ ಕತ್ತು ತಿರುಗಲಿಲ್ಲ.

ಸ್ವಯಂಸೇವಕರ ಪ್ರವಾಸದ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಮಲಗೋಕೆ ಒಳ್ಳೆಯ ಜಾಗ ಕೊಟ್ಟರು, ಔಷಧಿ ಪೆಟ್ಟಿಗೆ ಇತ್ತು, ಜೊತೆಗಿದ್ದ ಹುಡುಗರು ಮರ್ಯಾದಸ್ಥರು. ಆದರೆ ನಾವು 14 ಜನ ಮಾಡಿದ ಕೆಲಸದ ಕಥೆ ಕೇಳಿ. ಶಾಲೆಯ ಗೋಡೆಗೆ ಕಲ್ಲು ಜೋಡಿಸಲು ಬಿಟ್ಟರು. ಬೆಳಗ್ಗೆ ಎದ್ದು ನೋಡಿದರೆ ನಾವು ಕಟ್ಟಿದ ಒಂದೂವರೆ ಅಡಿ ಗೋಡೆಯನ್ನು ಊರಿನ ಗಾರೆ ಕೆಲಸದವರು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನಮಗೆ ಬೇಜಾರಾಗಬಾರದು ಅಂತ ಕತ್ತಲಿರುವಾಗಲೇ ಶುರು ಮಾಡಿದ್ದರಂತೆ. ಅವತ್ತಿನಿಂದ ನಾನು ಮರಳು ಹೊರುವುದಕ್ಕೆ ಮಾತ್ರ ಹೋದೆ. ನಮ್ಮ 14 ಜನರ ಪ್ರಯಾಣದ ಖರ್ಚಿನಲ್ಲಿ ಎಷ್ಟು ಮೀಟರ್ ಪೈಪ್ ಬರುತ್ತಿತ್ತು ಅಂತ ವಾಪಸ್ ಬರುವಾಗ ಜೀಪಿನಲ್ಲಿ ಲೆಕ್ಕ ಹಾಕಿದೆ. ಉತ್ತರ ಇಲ್ಲಿ ಬರೆಯಲ್ಲ, ನಾಚಿಕೆಯಾಗುತ್ತದೆ.

ಈಗ ನೀರಿನ ವಿಷಯ. ಇದರಲ್ಲಿ ಸಂಸ್ಥೆಗೆ ನಿಜವಾಗಿ ಕೈ ಮುಗಿಯಬೇಕು.

ಈ ಕಡೆಯ ಗುಡ್ಡಗಳಲ್ಲಿ ಸಾಮಾನ್ಯವಾಗಿ ಪಂಪು ಹಾಕುವುದಿಲ್ಲ. ಊರಿಗಿಂತ ಮೇಲಿರುವ ಒರತೆಯಿಂದ ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಕರೆಂಟ್ ಬೇಡ, ಡೀಸೆಲ್ ಬೇಡ. ಕೇಳೋಕೆ ಸುಲಭ ಅನ್ನಿಸುತ್ತದೆ, ಅಲ್ವಾ? ಕೆಟ್ಟದಾಗಿ ಮಾಡೋಕೂ ಅಷ್ಟೇ ಸುಲಭ. ಎಷ್ಟೋ ಕಡೆ ಮಳೆ ಮುಗಿದ ಮೇಲೆ, ಒರತೆ ತುಂಬಿ ಹರಿಯುವಾಗ ಬಂದು ಅಳೆದುಕೊಂಡು ಹೋಗುತ್ತಾರೆ. ಚೈತ್ರ ಬಂತು ಅಂದರೆ ನಲ್ಲಿ ಒಣಗುತ್ತದೆ. ಇವರು ಹಾಗೆ ಮಾಡಲಿಲ್ಲ. ಎರಡು ವರ್ಷ, ಎರಡು ಸಲವೂ ಬೇಸಿಗೆಯಲ್ಲೇ, ಬಕೆಟ್ ಮತ್ತು ಸ್ಟಾಪ್‌ವಾಚ್ ಹಿಡಿದು ಅಳೆದಿದ್ದರು. 10 ಲೀಟರ್ ಬಕೆಟ್ ತುಂಬಲು 45 ಸೆಕೆಂಡ್. ದಿನಕ್ಕೆ 19,200 ಲೀಟರ್. ನೇಪಾಳದ ಗ್ರಾಮೀಣ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 45 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ಊರಿನ 300 ಜನಕ್ಕೆ 13,500 ಸಾಕು. ಮಿಕ್ಕಿದ್ದು ದನಕರುಗಳಿಗೆ, ಮತ್ತು ಒರತೆ ಸೊರಗಿದ ವರ್ಷಕ್ಕೆ. ಈ ಲೆಕ್ಕದ ಹಾಳೆಯನ್ನು ಊರಿನ ಸಮಿತಿಯ ಮನೆಯ ಗೋಡೆಗೆ ಅಂಟಿಸಿದ್ದರು, ನಾನು ಅಲ್ಲೇ ಓದಿದ್ದು.

ಒರತೆಯಿಂದ ಊರಿನ ಟ್ಯಾಂಕಿಗೆ 140 ಮೀಟರ್ ಇಳಿಜಾರು. ಪ್ರತಿ 10 ಮೀಟರ್ ಇಳಿದರೆ ಪೈಪಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಏರುತ್ತದೆ. ಇವರು ಹಾಕಿದ್ದು ಆರು ಕಿಲೋ ತಡೆಯುವ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್. ನೇರವಾಗಿ ಇಳಿಸಿದರೆ ಕೆಳಗಡೆ ಎಲ್ಲಾದರೂ ಸಿಡಿಯುವುದು ಖಂಡಿತ. ಅದಕ್ಕೆ ನಡುವೆ ಎರಡು ಕಡೆ ಸಣ್ಣ ಸಿಮೆಂಟ್ ತೊಟ್ಟಿ ಕಟ್ಟಿ, ನೀರನ್ನು ಗಾಳಿಗೆ ಬಿಟ್ಟು ಒತ್ತಡ ಇಳಿಸಿ, ಮತ್ತೆ ಪೈಪಿಗೆ ಹಾಯಿಸುತ್ತಾರೆ. ಬಿಪಿಟಿ, ಅಂದರೆ ಬ್ರೇಕ್ ಪ್ರೆಶರ್ ಟ್ಯಾಂಕ್, ಅನ್ನುತ್ತಾರೆ ಅದಕ್ಕೆ. ದುಡ್ಡು ಉಳಿಸಬೇಕು ಅನ್ನುವವರು ಮೊದಲು ಕೈಬಿಡುವುದು ಇದನ್ನೇ. ಇಲ್ಲಿ ಎರಡೂ ಇವೆ, ಎರಡಕ್ಕೂ ಮುಚ್ಚಳ ಇದೆ, ಮುಚ್ಚಳಕ್ಕೆ ಬೀಗ ಇದೆ, ಬೀಗದ ಕೈ ಯಾರ ಹತ್ತಿರ ಅಂತ ಊರಿನ ಮಕ್ಕಳಿಗೂ ಗೊತ್ತು.

ಕೀಲಿ ಇರುವುದು ಒಬ್ಬ ದಿದಿಯ ಸೊಂಟದಲ್ಲಿ. ದಿದಿ ಅಂದರೆ ಅಕ್ಕ. ನಲವತ್ತರ ಆಸುಪಾಸು, ಮಾತು ಕಮ್ಮಿ. ಊರಿನ ಉಪಭೋಕ್ತಾ ಸಮಿತಿ, ಅಂದರೆ ನೀರು ಬಳಸುವವರ ಸಮಿತಿ, ಆಕೆಯನ್ನು ರಿಪೇರಿ ಕೆಲಸಕ್ಕೆ ಆರಿಸಿತ್ತು. ಸಂಸ್ಥೆ ತರಬೇತಿ ಕೊಟ್ಟಿತು. ಮನೆಗೆ ತಿಂಗಳಿಗೆ 100 ನೇಪಾಳಿ ರೂಪಾಯಿ ಎತ್ತುತ್ತಾರೆ, ಅದರಲ್ಲಿ 4,000 ಆಕೆಯ ಸಂಬಳ, ಉಳಿದದ್ದು ಡಬ್ಬಿಗೆ. ಡಬ್ಬಿಯ ಲೆಕ್ಕದ ಪುಸ್ತಕವನ್ನೂ ನೋಡಿದೆ. ಮೂರು ಮನೆ ಬಾಕಿ ಇದ್ದವು, ಒಂದು ಸಮಿತಿಯ ಅಧ್ಯಕ್ಷರದ್ದೇ.

ಎರಡನೇ ಸಲ ಹೋದಾಗ ಮಳೆಗಾಲ ಆಗಷ್ಟೇ ಕಳೆದಿತ್ತು. ನಾನು ತಲುಪಿದ ಮಾರನೆಯ ದಿನವೇ ನಲ್ಲಿ ನಿಂತಿತು. ದಿದಿ ಗೊಣಗದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು, ನಾನೂ ಹಿಂದೆ ಹೋದೆ. ಒಂದು ಕಡೆ ಮಣ್ಣು ಕುಸಿದು ಪೈಪ್ ಕಿತ್ತು ಬಂದಿತ್ತು. ಮೊದಲು ಮೇಲಿನ ವಾಲ್ವ್ ಮುಚ್ಚಿದರು. ಒಡೆದ ತುದಿಗಳನ್ನು ಗರಗಸದಲ್ಲಿ ನೇರವಾಗಿ ಕತ್ತರಿಸಿದರು. ಚೀಲದಿಂದ ಹಿಡಿ ಇರುವ ಒಂದು ಕಬ್ಬಿಣದ ತಟ್ಟೆ ತೆಗೆದು ಸೌದೆ ಬೆಂಕಿಯ ಮೇಲೆ ಇಟ್ಟರು. ತಟ್ಟೆ ಎಷ್ಟು ಕಾದಿದೆ ಅಂತ ತಿಳಿಯೋಕೆ ಒಂದು ಬಗೆಯ ಬಳಪ ಬರುತ್ತದೆ, ಗೆರೆ ಎಳೆದರೆ ಸರಿಯಾದ ಬಿಸಿಗೆ ಬಣ್ಣ ಬದಲಾಗುತ್ತದೆ. ಆ ಬಳಪ ಮುಗಿದು ಒಂದೂವರೆ ವರ್ಷವಾಗಿತ್ತು. ದಿದಿ ನೋಟ್‌ಬುಕ್ಕಿನ ಬಿಳಿ ಹಾಳೆಯ ಚೂರೊಂದನ್ನು ತಟ್ಟೆಗೆ ಒತ್ತಿ ಹಿಡಿದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಅಂಚು ಹಳದಿಯಾಗಿ, ಆಮೇಲೆ ಕಂದಾಗಿ, ಹೊತ್ತಿಕೊಳ್ಳದೆ ನಿಂತಿತು. ತಕ್ಷಣ ಪೈಪಿನ ಎರಡೂ ತುದಿಗಳನ್ನು ತಟ್ಟೆಯ ಎರಡು ಕಡೆಗೆ ಒತ್ತಿ, ಬಾಯಲ್ಲೇ ಎಣಿಸಿ, ತಟ್ಟೆ ಎಳೆದು, ತುದಿಗೆ ತುದಿ ಕೂರಿಸಿದರು. ಕರಗಿದ ಪ್ಲಾಸ್ಟಿಕ್ ಸುತ್ತಲೂ ಉಂಗುರದ ಹಾಗೆ ಉಬ್ಬಿತು. ಆ ಉಂಗುರ ಎಲ್ಲ ಕಡೆ ಒಂದೇ ಸಮ ಬಂದಿದೆಯಾ ಅಂತ ಉಗುರಿನಲ್ಲಿ ಸವರಿ ನೋಡಿದರು. ಒಂದು ಕಡೆ ತೆಳುವಾಗಿತ್ತು. ನನಗೆ ಕಾಣಲೇ ಇಲ್ಲ. ಮತ್ತೆ ಕತ್ತರಿಸಿ ಮೊದಲಿನಿಂದ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಊರಿಗೆ ನೀರು ಬಂತು.

ನಾಲ್ಕೂವರೆ ಕೊಟ್ಟಿದ್ದು ಯಾಕೆ ಅಂತ ಇಲ್ಲಿಗೆ ಗೊತ್ತಾಗಿರಬೇಕು. ಉಳಿದ ಅರ್ಧ ಆ ಬಳಪಕ್ಕೆ. ಕಚೇರಿಗೆ ನಾಲ್ಕು ಸಲ ಕೇಳಿದ್ದರಂತೆ, ಬಂದಿಲ್ಲ.

ನೀರು ಶುದ್ಧವಾ ಅಂತ ಕೇಳುವವರಿಗೂ ಉತ್ತರ ಇದೆ. ಈ ಗುಡ್ಡದ ಒರತೆಗಳಲ್ಲಿ ಸಾಮಾನ್ಯವಾಗಿ ಭಯ ಇರುವುದು ಹೊಲಸಿನಿಂದ ಬರುವ ಕ್ರಿಮಿಗಳದ್ದು. ಆರ್ಸೆನಿಕ್ ತೊಂದರೆ ಕೆಳಗಿನ ತರಾಯಿ ಬಯಲಿನ ಬೋರ್‌ವೆಲ್‌ಗಳದ್ದು. ನಾನು ಜೊತೆಗೆ ಎಚ್‌2ಎಸ್ ಪರೀಕ್ಷೆಯ ಸಣ್ಣ ಬಾಟಲಿಗಳನ್ನು ಒಯ್ದಿದ್ದೆ. ಇದು ನಮ್ಮ ದೇಶದ್ದೇ ಉಪಾಯ, 1982ರಲ್ಲಿ ಗ್ವಾಲಿಯರ್‌ನ ವಿಜ್ಞಾನಿಗಳು ಮಾಡಿದ್ದು. ನೀರು ತುಂಬಿ ಬೆಚ್ಚಗೆ ಇಡಬೇಕು, ಹೊಲಸಿನ ಕ್ರಿಮಿ ಇದ್ದರೆ ಒಂದೆರಡು ದಿನದಲ್ಲಿ ಮಸಿಯ ಹಾಗೆ ಕಪ್ಪಾಗುತ್ತದೆ. ಆ ಚಳಿಯಲ್ಲಿ ಬೆಚ್ಚಗೆ ಅಂದರೆ ಎಲ್ಲಿ? ಮೂರು ಬಾಟಲಿಯನ್ನೂ ಎರಡು ರಾತ್ರಿ ಜಾಕೆಟ್ಟಿನೊಳಗೆ ಇಟ್ಟುಕೊಂಡೇ ಮಲಗಿದೆ. ಒರತೆಯದು ಸರಿ ಇತ್ತು. ನಲ್ಲಿಯದು ಸರಿ ಇತ್ತು. ನಾನು ಉಳಿದುಕೊಂಡಿದ್ದ ಮನೆಯ ಅಡುಗೆಕೋಣೆಯ ಗಾಗ್ರಿಯ ನೀರು ಕಪ್ಪಾಯಿತು! ಅಂದರೆ 140 ಮೀಟರ್ ಸುರಕ್ಷಿತವಾಗಿ ಇಳಿದು ಬಂದ ನೀರು, ಒಳಗೆ ಬಂದ ಮೇಲೆ ಲೋಟದ ಜೊತೆ ಅದ್ದುವ ಬೆರಳುಗಳಿಂದ ಕೆಡುತ್ತಿತ್ತು. ಮನೆಯಾಕೆಗೆ ತೋರಿಸೋಕೆ ನನಗೆ ಸಂಕೋಚ. ಕೊನೆಗೆ ದಿದಿಯೇ ಬಾಟಲಿ ಹಿಡಿದುಕೊಂಡು ಮನೆ ಮನೆಗೆ ಹೋಗಿ ತೋರಿಸಿದರು, ಯಾರ ಮನೆಯದು ಅಂತ ಮಾತ್ರ ಹೇಳಲಿಲ್ಲ. ಸಂಸ್ಥೆಯವರು ಇದನ್ನು ಹೇಳಿಕೊಟ್ಟಿರಲಿಲ್ಲ. ನಲ್ಲಿಯ ಹತ್ತಿರ ಕೈ ತೊಳೆಯುವ ಚಿತ್ರ ಬರೆಸಿದ್ದರು, ಬಣ್ಣ ಚೆನ್ನಾಗಿದೆ.

ಶಾಲೆಗೆ ಬರುತ್ತೇನೆ. ಬರೋಕೆ ಮನಸ್ಸಿಲ್ಲ, ಆದರೂ.

ಕಟ್ಟಡದಲ್ಲಿ ತಪ್ಪು ಹುಡುಕಬೇಡಿ, ಸಿಗಲ್ಲ. 2015ರ ಏಪ್ರಿಲ್ 25ರ ಭೂಕಂಪ ನೆನಪಿದೆಯಲ್ಲ, 7.8ರದ್ದು, ಸುಮಾರು 9,000 ಜನ ಹೋದರು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ನಡುಮಧ್ಯಾಹ್ನದ ಹೊತ್ತು. ವಾರದ ಬೇರೆ ಯಾವ ದಿನವಾಗಿದ್ದರೂ ಆ ಹೊತ್ತಿಗೆ ಮಕ್ಕಳು ತರಗತಿಯಲ್ಲಿ ಇರುತ್ತಿದ್ದರು, ಬಿದ್ದ ಶಾಲೆಗಳ ಸಂಖ್ಯೆ ಸಾವಿರಗಳಲ್ಲಿದೆ. ಮೇ 12ಕ್ಕೆ 7.3ರ ಇನ್ನೊಂದು ಆಯಿತು, ಅದು ದೋಲಖಾ ಕಡೆಯದು, ಸೋಲುವಿಗೆ ಹತ್ತಿರ. ಈ ಊರಿನ ಹಳೆಯ ಶಾಲೆ ಬಿರುಕು ಬಿಟ್ಟಿದ್ದು ಆಗಲೇ. ಹೊಸದಕ್ಕೆ ಕಿಟಕಿಯ ಕೆಳಗೆ, ಬಾಗಿಲ ಮೇಲೆ, ಮಾಡಿನ ಕೆಳಗೆ, ಮೂರು ಮಟ್ಟದಲ್ಲಿ ಇಡೀ ಕಟ್ಟಡಕ್ಕೆ ಸೊಂಟಪಟ್ಟಿ ಕಟ್ಟಿದ ಹಾಗೆ ಕಾಂಕ್ರೀಟ್ ಪಟ್ಟಿ ಓಡಿಸಿದ್ದಾರೆ. ಗೋಡೆಯ ಒಳಮೈ ಹೊರಮೈ ಬೇರೆ ಬೇರೆಯಾಗಿ ಬಿರಿಯದ ಹಾಗೆ ಅಲ್ಲಲ್ಲಿ ಗೋಡೆಯ ದಪ್ಪದಷ್ಟೇ ಉದ್ದದ ಕಲ್ಲು ಅಡ್ಡ ಕೂರಿಸಿದ್ದಾರೆ. (ನಾವು ಕಟ್ಟಿದಾಗ ಮರೆತಿದ್ದು ಈ ಅಡ್ಡಗಲ್ಲನ್ನೇ ಅಂತ ಆಮೇಲೆ ಗೊತ್ತಾಯಿತು.) ತಗಡಿನ ಮಾಡು, ಕೆಳಗೆ ಹಲಗೆ, ಮಳೆ ಬಂದರೂ ಪಾಠ ಕೇಳಿಸುತ್ತದೆ.

ಪಾಠ ಇದ್ದರೆ ತಾನೇ. ಮೂರು ವರ್ಷದ ಮೇಲೆ ಹೋದಾಗ ಎರಡು ಕೋಣೆಯಲ್ಲಿ ಒಂದಕ್ಕೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಆಲೂಗಡ್ಡೆ ಚೀಲಗಳು, ಬೆಂಚಿನ ಮೇಲೆ ಒಂದರ ಮೇಲೊಂದು. ಇನ್ನೊಂದು ಕೋಣೆಯಲ್ಲಿ ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ 11 ಮಕ್ಕಳು, ಒಬ್ಬರು ಮೇಷ್ಟ್ರು. ಆಗಿದ್ದು ಇಷ್ಟು. ಸರ್ಕಾರ ಮಂಜೂರು ಮಾಡುವ ಹುದ್ದೆಗೆ ಅಲ್ಲಿ ದರಬಂದಿ ಅನ್ನುತ್ತಾರೆ. ಈ ಶಾಲೆಗೆ ಇರುವುದು ಒಂದೇ ದರಬಂದಿ. ಕಟ್ಟಡ ಎದ್ದಾಗ ಸಂಸ್ಥೆ ಇನ್ನಿಬ್ಬರು ಮೇಡಂಗಳಿಗೆ ಎರಡು ವರ್ಷ ಸಂಬಳ ಕೊಟ್ಟಿತು. ಎರಡು ವರ್ಷ ಮುಗಿದ ಮೇಲೆ ಸರ್ಕಾರ ನೋಡಿಕೊಳ್ಳುತ್ತದೆ ಅಂತ ಅವರ ಯೋಜನೆಯಲ್ಲಿ ಬರೆದಿತ್ತು. ಸರ್ಕಾರದ ಯಾರನ್ನೂ ಕೇಳಿ ಬರೆದ ಹಾಗೆ ಕಾಣಲಿಲ್ಲ. ಸಂಬಳ ನಿಂತಿತು, ಇಬ್ಬರೂ ಹೋದರು. ಕೈಲಾದವರು ಮಕ್ಕಳನ್ನು ಕಠ್ಮಂಡುವಿನ ನೆಂಟರ ಮನೆಗೆ ಕಳಿಸಿದರು, ಕೆಲವರು ಕೆಳಗಿನ ಊರಿನ ಶಾಲೆಗೆ ಒಂದೂಕಾಲು ಗಂಟೆ ನಡೆಸುತ್ತಿದ್ದಾರೆ. ನೀರಿಗೆ 4,000 ರೂಪಾಯಿಯ ಒಬ್ಬ ದಿದಿಯನ್ನು ಯೋಚಿಸಿದವರೇ ಶಾಲೆಗೆ ಮೇಷ್ಟ್ರನ್ನು ಯೋಚಿಸಲಿಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು ತಮಾಷೆ. ಶಾಲೆಯ ಶೌಚಾಲಯಕ್ಕೆ ನೀರಿರಲಿಲ್ಲ. 30 ಮೀಟರ್ ದೂರದಲ್ಲಿ ನಲ್ಲಿ ಇದೆ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆ, ಟೈಲ್ಸ್ ಇದೆ, ನೀರಿನ ಸಂಪರ್ಕ ಇಲ್ಲ. ಯಾಕೆ? ನೀರು ಒಬ್ಬ ದಾನಿಯ ದುಡ್ಡು, ಶಾಲೆ ಇನ್ನೊಬ್ಬ ದಾನಿಯ ದುಡ್ಡು. ಎರಡು ಫೈಲು, ಎರಡು ಫಲಕ, ಎರಡು ಉದ್ಘಾಟನೆ. ನಡುವಿನ 30 ಮೀಟರ್ ಯಾರ ಫೈಲಿನಲ್ಲೂ ಇರಲಿಲ್ಲ. ಮೊದಲ ಸಲ ಹೋದಾಗಲೇ ನಾನು ಕೇಳಿದ್ದೆ, 'ಮುಂದಿನ ಹಂತದಲ್ಲಿ' ಅಂದಿದ್ದರು.

ಇಷ್ಟು ಬೈಯುವಾಗ, ಇದನ್ನು ಸರಿಯಾಗಿ ಮಾಡಿದವರು ಇದೇ ಜಿಲ್ಲೆಯಲ್ಲಿ ಇದ್ದಾರೆ ಅನ್ನೋದನ್ನೂ ಹೇಳಬೇಕು. ಎಡ್ಮಂಡ್ ಹಿಲರಿ ಎವರೆಸ್ಟ್ ಹತ್ತಿದ್ದು 1953ರಲ್ಲಿ. ಖುಮ್ಜುಂಗ್‌ನಲ್ಲಿ ಮೊದಲ ಶಾಲೆ ಮಾಡಿದ್ದು 1961ರಲ್ಲಿ, 3,790 ಮೀಟರ್ ಎತ್ತರದಲ್ಲಿ. ಶಾಲೆ ಬೇಕು ಅಂತ ಕೇಳಿದ್ದು ಶೆರ್ಪಾಗಳೇ. ಎದ್ದಿದ್ದು ಅಲ್ಯುಮಿನಿಯಂ ತಗಡಿನ ಒಂದು ಸಾಧಾರಣ ಕಟ್ಟಡ. ಆದರೆ ಅದರ ಜೊತೆಗೇ ಡಾರ್ಜಿಲಿಂಗ್ ಕಡೆಯಿಂದ ಒಬ್ಬ ಶೆರ್ಪಾ ಮೇಷ್ಟ್ರನ್ನು ಹುಡುಕಿ ಕರೆತಂದರು. 1964ರಲ್ಲಿ ಲುಕ್ಲಾದಲ್ಲಿ ವಿಮಾನ ಇಳಿಯುವ ಪಟ್ಟಿ, 1966ರಲ್ಲಿ ಖುಂಡೆಯಲ್ಲಿ ಆಸ್ಪತ್ರೆ. 2008ರಲ್ಲಿ ತೀರಿಕೊಳ್ಳುವವರೆಗೂ ಹಿಲರಿ ಆ ಕೆಲಸ ಬಿಡಲಿಲ್ಲ. ಆ ಶಾಲೆಗಳಲ್ಲಿ ಓದಿದ ಕಾಮಿ ತೆಂಬಾ ಶೆರ್ಪಾ ಮುಂದೆ ಅದೇ ಖುಂಡೆ ಆಸ್ಪತ್ರೆಗೆ ಡಾಕ್ಟರಾಗಿ ಬಂದರು. ನಾನು ಎರಡನೇ ಸಲ ಹೋದಾಗ ನಾಲ್ಕು ದಿನ ಜಾಸ್ತಿ ಇಟ್ಟುಕೊಂಡು ಖುಮ್ಜುಂಗ್‌ಗೂ ಹತ್ತಿದೆ. ಅಂಗಳದಲ್ಲಿ ಹಿಲರಿಯ ಪ್ರತಿಮೆ ಇದೆ. ಅದರ ಪಕ್ಕ ಹುಡುಗರು ವಾಲಿಬಾಲ್ ಆಡುತ್ತಿದ್ದರು, ಯಾರೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಷ್ಟು ಮಾಮೂಲಿ ಆಗಿಬಿಟ್ಟಿದೆ ಆ ಊರಿಗೆ ಶಾಲೆ ಅನ್ನೋದು.

ದಾನಿಯಾಗಿ ನನಗೆ ಸಿಕ್ಕ ಸೇವೆಗೆ ಮೂರು. ರಸೀದಿ ಅದೇ ದಿನ ಬರುತ್ತದೆ. ಮೂರು ತಿಂಗಳಿಗೊಂದು ವರದಿ, ಅದರ ತುಂಬ ಫೋಟೋ. ದುಡ್ಡು ತಿಂದಿದ್ದಾರೆ ಅನ್ನುವ ಅನುಮಾನ ನನಗೆ ಒಂದು ಕ್ಷಣವೂ ಬಂದಿಲ್ಲ, ಪೈಪಿನ ಬಿಲ್ಲಿನಿಂದ ಹಿಡಿದು ಎಲ್ಲ ತೋರಿಸಿದರು. ಇದೇನು ದೊಡ್ಡ ವಿಷಯ ಅನ್ನಬೇಡಿ. ಪಾಕಿಸ್ತಾನ, ಅಫ್ಘಾನಿಸ್ತಾನದ ಬೆಟ್ಟದ ಊರುಗಳಲ್ಲಿ ಶಾಲೆ ಕಟ್ಟುತ್ತೇವೆ ಅಂತ ಅಮೆರಿಕದಲ್ಲಿ ಕೋಟಿಗಟ್ಟಲೆ ಎತ್ತಿದ ಸಂಸ್ಥೆಯೊಂದರ ಮೇಲೆ ಮೊಂಟಾನಾ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಿ, 2012ರಲ್ಲಿ ಅದರ ಸಂಸ್ಥಾಪಕರು 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ವಾಪಸ್ ಕಟ್ಟಲು ಒಪ್ಪಬೇಕಾಯಿತು. ಹಾಗಾಗಿ ಬಿಲ್ಲು ತೋರಿಸುವವರ ಮೇಲೆ ನನಗೆ ಗೌರವ ಇದೆ. ಆದರೆ ಕಟ್ಟಿ ಮುಗಿಸಿದ ಊರಿನ ಸುದ್ದಿ ವರದಿಯಲ್ಲಿ ಮತ್ತೆ ಬರುವುದೇ ಇಲ್ಲ. ಆ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ ಅಂತ ಮೇಲ್ ಹಾಕಿದೆ. ಹೊಸ ಊರಿನ ಹೊಸ ಶಾಲೆಯ ಬಣ್ಣಬಣ್ಣದ ಪಿಡಿಎಫ್ ಬಂತು.

ಹಾಗಂತ ದುಡ್ಡು ಕೊಡೋದು ನಿಲ್ಲಿಸಿಲ್ಲ. ಶಾಲೆಯ ಖಾತೆಯಿಂದ ನೀರಿನ ಖಾತೆಗೆ ಬದಲಾಯಿಸಿಕೊಂಡೆ ಅಷ್ಟೇ. ನೀವು ಕೊಡುವ ಮುಂಚೆ ಐದು ವರ್ಷ ಹಿಂದೆ ಅವರು ಮುಗಿಸಿದ ಒಂದು ಊರಿನ ಹೆಸರು ಕೇಳಿ, ಅಲ್ಲಿ ಇವತ್ತು ಯಾರಿಗೆ ಸಂಬಳ ಹೋಗುತ್ತಿದೆ, ಯಾರು ಕೊಡುತ್ತಿದ್ದಾರೆ ಅಂತ ಕೇಳಿ. ಆಡಳಿತ ವೆಚ್ಚ ಎಷ್ಟು ಪರ್ಸೆಂಟ್ ಅಂತ ಎಲ್ಲರೂ ಕೇಳುತ್ತಾರೆ, ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಚೆಂದದ ಉತ್ತರ ರೆಡಿ ಇರುತ್ತದೆ.

ಶೌಚಾಲಯದ ಕಥೆ ಬಾಕಿ ಇದೆ. ನಾನು ಹೊರಡುವ ಹಿಂದಿನ ದಿನ ಶಾಲೆ ಹಿಂದೆ ಹೊಸ ಮಣ್ಣು ಅಗೆದ ಗುರುತು ಕಂಡಿತು. ದಿದಿ ರಿಪೇರಿಗೆ ಅಂತ ಬಂದ ಪೈಪಿನಲ್ಲಿ ತುಂಡು ತುಂಡು ಉಳಿಸಿ, ಎರಡು ವರ್ಷ ಕೂಡಿಟ್ಟು, 30 ಮೀಟರ್ ಮಾಡಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಜೋಡಿಸಿಬಿಟ್ಟಿದ್ದರು. ಎಷ್ಟು ಬೆಸುಗೆ ಇದೆ ಅದರಲ್ಲಿ ಅಂತ ಕೇಳಿದೆ. ಹದಿನೇಳು ಅಂದರು. ಸೋರುತ್ತಾ? ಸೋರಲ್ಲ, ಆದರೆ ನಲ್ಲಿಯ ವಾಷರ್ ಸವೆದಿದೆ, ಇಲ್ಲಿ ಸಿಗಲ್ಲ.

"ಮುಂದಿನ ಸಲ ಬರುವಾಗ ಮಕ್ಕಳಿಗೆ ಚಾಕಲೇಟು ಗೀಕಲೇಟು ತರಬೇಡ ಬಹಿನಿ," ಅಂದರು. ಬಹಿನಿ ಅಂದರೆ ತಂಗಿ. "ಅರ್ಧ ಇಂಚಿನ ವಾಷರ್ ತಾ. ಆ ಬಳಪವನ್ನೂ."

ಕಠ್ಮಂಡುವಿಗೆ ಬಂದ ದಿನವೇ 200 ವಾಷರ್ ಕೊಂಡು ಸಲ್ಲೇರಿ ಜೀಪಿನವನ ಕೈಗೆ ಕೊಟ್ಟು ಕಳಿಸಿದೆ. ಬಳಪ ಎರಡು ಅಂಗಡಿಯಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ಮೊನ್ನೆ ಬಂದ ಸಂಸ್ಥೆಯ ವರದಿಯಲ್ಲಿ ಆ ಶೌಚಾಲಯದ ಫೋಟೋ ಇದೆ, ಕೆಳಗೆ 'ಎರಡನೇ ಹಂತ ಯಶಸ್ವಿಯಾಗಿ ಪೂರ್ಣ' ಅಂತ ಬರೆದಿದ್ದಾರೆ.